ಹಸಿರು ಹಗ್ಗ

ನವಿ ಮುಂಬಯಿಯ ಸಾನಪಾಡಾದ ಹೌಸಿಂಗ್ ಸೊಸೈಟಿ ಹಾಲ್‌ನಲ್ಲಿ ವಾರಿಜಾ ಹೊಸಬರಿಗೆ ಜಡೆ ಕೋಲಾಟ ಕಲಿಸುತ್ತಿದ್ದಳು. ಸೂರಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಹಿಡಿದು, ಸುತ್ತ ಕುಣಿಯುತ್ತ ಜಡೆ ಹೆಣೆಯಬೇಕು. ಮನೆಗೆ ಹೋಗುವ ಮೊದಲು ಹಿಮ್ಮುಖವಾಗಿ ಕುಣಿದು ಜಡೆ ಬಿಚ್ಚಲೇಬೇಕು. ಹೋದ ವರ್ಷ ತೀರಿಕೊಂಡ ನಾದಿನಿ ಸುಗುಣಳ ಹಸಿರು ಹಗ್ಗವನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ.

ಆ ಸುಗುಣ ಮಹಾ ಹಟಮಾರಿ. ವಾರಿಜಾಳ ಕೆಂಪು ಹಗ್ಗ ಎದುರಾದಾಗ ಬಗ್ಗಿ ಕೆಳಗೆ ನುಸುಳಬೇಕು ಎಂದು ಎಷ್ಟು ಬೈದರೂ ತನ್ನ ಹಗ್ಗವನ್ನು ಮೇಲಿನಿಂದಲೇ ಹಾಯಿಸುತ್ತಿದ್ದಳು.

ಈ ದಿನ ಜಡೆ ಹೆಣೆದು ಮುಗಿದು ಕುಣಿತ ನಿಂತಿತು.

“ಅಕ್ಕಾ, ಹಸಿರು ಯಾರೂ ಹಿಡಿದಿರಲಿಲ್ಲ. ಅದೂ ಜಡೆಯೊಳಗೆ ಸೇರ್ಕೊಂಡಿದೆ,” ಎಂದಳು ಕಲಿಯಲು ಬಂದಿದ್ದ ಆಶ್ರಿತಾ.

ವಾರಿಜಾ ಕತ್ತೆತ್ತಿದಳು. ಹಸಿರು ಪ್ರತಿ ಸುತ್ತಿನಲ್ಲೂ ಕೆಂಪಿನ ಮೇಲೆಯೇ ಹಾದಿತ್ತು.

“ಬಿಚ್ಚೋಣ್ವಾ ಅಕ್ಕಾ?”

“ಬೇಡ,” ಎಂದಳು ವಾರಿಜಾ, ತನ್ನ ಹಗ್ಗ ಬಿಡದೆ. “ಬಿಚ್ಚಿದ್ರೆ ಹೊರಟುಬಿಡ್ತಾಳೆ.”