ಹೆಸರಿನ ನುಡಿ

ಕರಿಷ್ಮಾ ಮೊಬೈಲು ಹಿಡಿದು ಬಂದಾಗ ಬಸಗೊಂಡ ಬೇವಿನ ನೆರಳಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಅವಳ ಹಿಂದೆ ಅಜ್ಜಿ ಮಾಯಕ್ಕ ಕೋಲೂರಿಕೊಂಡು ಬರುತ್ತಿದ್ದಳು.

"ಅಜ್ಜಾರ, ನಿಮ್ಮಣ್ಣಾರ ಕರಿಮರಿ ಪದಾ ಹಾಡೀನ್ರಿ. ನೀವು ಹೂಂ ಅಂದ್ರಷ್ಟ ಮೊಬೈಲಿನಾಗ ಬಿಡ್ತೀನಿ."

ಬಸಗೊಂಡನಿಗೆ ಒಳಗೊಳಗೇ ಬೇಡವೆನಿಸಿತು. ಆ ಪದವನ್ನು ಹಾಡಿ ಕೆಡಿಸಿದವರು ಈಗಾಗಲೇ ಕಡಿಮೆಯಿರಲಿಲ್ಲ.

ನಲವತ್ತು ವರ್ಷದ ಹಿಂದೆ ಅಣ್ಣ ಅಮಸಿದ್ದ ಅದನ್ನು ಜತ್ತದ ಕ್ಯಾಸೆಟ್ ಅಂಗಡಿಯೊಂದರಲ್ಲಿ ಕೂತು ಹಾಡಿದ್ದ. ತಪ್ಪಿಸಿಕೊಂಡ ಮರಿಯನ್ನು ಕುರುಬನೊಬ್ಬ ಊರೂರು ಹುಡುಕುವ ಪದ. ಡೊಳ್ಳು, ಹಿಮ್ಮೇಳ ಎರಡೂ ಬಸಗೊಂಡನದು. ಕೊನೆಯ ನುಡಿಗೆ ಬರುವಷ್ಟರಲ್ಲಿ ಕ್ಯಾಸೆಟ್ಟು ಮುಗಿಯಿತು. ಬಂದಷ್ಟು ಸಾಕು ಎಂದ ಅಂಗಡಿಯವ. ಹೀಗೆ ಪದ 'ಮರಿ ಕಂಡೀರೇನ್ರಿ' ಎನ್ನುವಲ್ಲಿಗೆ ಕಡಿದು ನಿಂತಿತು. ಯಳವಿಯಿಂದ ಅಸಂಗಿಯವರೆಗಿನ ಮೇಳದವರೆಲ್ಲ ಆ ಕ್ಯಾಸೆಟ್ ಕೇಳಿಯೇ ಕಲಿತರು, ಅಲ್ಲಿಗೇ ಟಕ್ಕನೆ ನಿಲ್ಲಿಸಿದರು. ಹಾಗೆ ನಿಲ್ಲಿಸುವುದೇ ಅದರ ಗತ್ತು ಎಂದು ಶಿಷ್ಯರಿಗೂ ಹೇಳಿಕೊಟ್ಟರು.

ಉಳಿದುಹೋದ ನುಡಿಯಲ್ಲಿ ಅಣ್ಣನ ಹೆಸರಿತ್ತು. ಹೆಸರಿನ ನುಡಿಯನ್ನು ಪದ ಕಟ್ಟಿದವನೊಬ್ಬನೇ ಹಾಡಬೇಕು. ಡೊಳ್ಳು ಸುಮ್ಮನಿರಬೇಕು, ಹಿಮ್ಮೇಳದವರು ತುಟಿ ಬಿಚ್ಚಬಾರದು. ಅದು ಮೇಳದ ಕಟ್ಟು. ಹೀಗಾಗಿ ನೂರು ಸಲ ಕೇಳಿದ್ದರೂ ಬಸಗೊಂಡನ ನಾಲಿಗೆಗೆ ಅದು ಹತ್ತಲೇ ಇಲ್ಲ. ಅಣ್ಣ ತೀರಿಕೊಂಡ ಮೇಲೆ ಪದ ಯಾರ್ಯಾರದೋ ಆಯಿತು. ನಮ್ಮಣ್ಣನದು ಎಂದು ಇವನು ಹೇಳಿದರೆ, 'ಹಂಗಾರ ಹೆಸರಿನ ನುಡಿ ಹಾಡ್ರಿ ನೋಡೂಣು' ಎನ್ನುತ್ತಿದ್ದರು. ತಲೆ ತಗ್ಗಿಸಿಕೊಂಡು ಎದ್ದು ಬರುತ್ತಿದ್ದ.

"ಹಚ್ಚವ್ವ, ಕೇಳೂಣು," ಎಂದ ಬಸಗೊಂಡ. ಕರಿಷ್ಮಾ ಮೊಬೈಲು ಒತ್ತಿದಳು.

ಅಣ್ಣನದು ಗಡುಸು ದನಿ, ನಡುನಡುವೆ ತಂಬಾಕಿನ ಕೆಮ್ಮು. ಇವಳದು ತೆಳ್ಳಗೆ, ನಿಧಾನ. ಅಣ್ಣ ಓಡುತ್ತ ಮರಿ ಹುಡುಕಿದರೆ ಇವಳು ನಿಂತು ನಿಂತು ಹುಡುಕುತ್ತಿದ್ದಳು.

"ಡೊಳ್ಳ ಯಾರು ಬಾರಿಸ್ಯಾರ?"

"ಕೀಬೋರ್ಡಿನಾಗ ಐತ್ರಿ ಅದು."

"ತಗಡ ಬಡದಂಗ ಆತು."

ಮಾಯಕ್ಕ ನಕ್ಕಳು. "ನೀವು ಬಾರಿಸಿದ್ದೇನ ಭಾಳ ಚಲೋ ಇತ್ತೇನ್ರಿ? ಅಮಸಿದ್ದಣ್ಣ ಹೊಳ್ಳಿ ಹೊಳ್ಳಿ ಕಣ್ಣ ಬಿಡತಿದ್ದ."

ಪದ 'ಮರಿ ಕಂಡೀರೇನ್ರಿ' ಎನ್ನುವಲ್ಲಿಗೆ ಬಂತು. ವಾದ್ಯ ನಿಂತಿತು. ದನಿ ನಿಲ್ಲಲಿಲ್ಲ.

*ಕರಿಮರಿ ಸಿಕ್ಕಿತ ಮಡ್ಡಿಯ ಮ್ಯಾಲ*
*ಹೆಗಲಿಗಿ ಹೊತ್ತಾನ ಅಮಸಿದ್ದ*
*ಮುಚ್ಚಂಡಿ ಊರಾಗ ಕಟ್ಟಿದ ಪದ ಇದು*
*ತಪ್ಪಿದ್ರ ತಿದ್ದಿ ಹಾಡ್ರಿ ಮುಂದಿನವ್ರು*

ಬಸಗೊಂಡ ಕತ್ತರಿ ಕೆಳಗಿಟ್ಟು ಕರಿಷ್ಮಾಳ ಕಡೆ ತಿರುಗಿದ.

"ಎಲ್ಲಿಂದ ತಂದಿ ಇದನ್ನ?"

"ನಮ್ಮ ಆಯಿ ಕಲಿಸ್ಯಾಳ್ರಿ," ಎಂದು ಅವಳು ಅಜ್ಜಿಯ ಕಡೆ ಕೈ ತೋರಿಸಿದಳು.

ಮಾಯಕ್ಕ ಕೋಲನ್ನು ಮಗ್ಗುಲಿಗಿಟ್ಟು ನೆಲದ ಮೇಲೆ ಕೂತಳು. "ನಿಮ್ಮ ಹೊಲದಾಗ ಕಸಾ ತಗಿಯೂಮುಂದ ಅಮಸಿದ್ದಣ್ಣ ಬದುವಿನ ಮ್ಯಾಲ ಕುಂತು ಹಾಡತಿದ್ದ. ಮರುದಿನಾ ನಾವು ಹೆಣ್ಣಮಕ್ಕಳು ಅದನ್ನ ಹಾಡಿಕೋತ ಕಸಾ ತಗೀತಿದ್ವಿ. ಮ್ಯಾಳಕ್ಕ ನಮ್ಮನ್ನ ಯಾರು ಕರೀತಿದ್ರು? ನಿಮ್ಮ ಕಟ್ಟು ನಮಗೆಲ್ಲಿ ಗೊತ್ತು? ಹೆಸರಿನ ನುಡೀನೂ ಹಾಡಿಬಿಟ್ವಿ."

"ಇಷ್ಟ ವರ್ಷ ನನಗ್ಯಾಕ ಹೇಳಲಿಲ್ಲ?"

"ನೀವು ಯಾವಾಗ ಕೇಳಿದ್ರಿ? ತಮ್ಮಗ ಬರತೈತಿ ಅಂತ ತಿಳಕೊಂಡಿದ್ದೆ."

ಅದು ನಿಜ. ಕ್ಯಾಸೆಟ್ ಅಂಗಡಿಗೆ ಹೋಗಿ ಕೇಳಿದ್ದ, ಮೇಳ ಮೇಳಗಳಲ್ಲಿ ಕೇಳಿದ್ದ. ತನ್ನ ಹೊಲದಲ್ಲೇ ಬಗ್ಗಿ ದುಡಿದವಳನ್ನು ಮಾತ್ರ ಕೇಳಿರಲಿಲ್ಲ. ಬಸಗೊಂಡ ಅಂಗೈಗಂಟಿದ ಉಣ್ಣೆ ಒರೆಸಿಕೊಂಡು, ತನ್ನ ಕಂಬಳಿ ತಂದು ಹಾಸಿದ.

"ನೆಲದ ಮ್ಯಾಲ ಬ್ಯಾಡ ಮಾಯಕ್ಕಾ, ಇದರ ಮ್ಯಾಲ ಕುಂದ್ರು. ನಮ್ಮಣ್ಣನ್ನ ನೀ ಉಳಿಸಿಕೊಟ್ಟಿ."

"ನಾ ಏನ್ ಉಳಿಸೀನಿ. ಹಾಡಲಿಕ್ಕ ಚಲೋ ಅನಸತಿತ್ತು, ಹಾಡಿದ್ವಿ."

"ಹಂಗಾರ ಬಿಡಲೇನ್ರಿ?" ಎಂದಳು ಕರಿಷ್ಮಾ. "ಡೊಳ್ಳ ಬ್ಯಾರೆ ಹಾಕಬೇಕೇನು?"

"ತಿದ್ದಿ ಹಾಡ್ರಿ ಅಂತ ಕಟ್ಟಿದಾವನ ಹೇಳಿ ಹೋಗ್ಯಾನ. ನಡುವ ನಾ ಯಾರು? ಹೆಂಗೈತಿ ಹಂಗ ಬಿಡವ್ವ, ಲಗೂನ ಬಿಡು."

ಅವಳು ಮೊಬೈಲು ಒತ್ತುತ್ತ ಕೂತಳು. ಬಸಗೊಂಡ ಮಾಯಕ್ಕನ ಎದುರಿಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತ.

"ನೀ ಅನ್ನು, ನಿನ್ನ ಹಿಂದ ನಾ ಅಂತೀನಿ."

ಮಾಯಕ್ಕ ಮೊದಲ ಸಾಲು ಹಾಡಿದಳು. ಬಸಗೊಂಡ ಹಾಡಿದ.

"ಹಂಗಲ್ಲರಿ," ಎಂದಳು ಮಾಯಕ್ಕ. "ಮಡ್ಡಿ ಅನ್ನೂಮುಂದ ದನಿ ಗುಡ್ಡಾ ಏರಿದಂಗ ಏರಬೇಕು. ಇನ್ನೊಮ್ಮಿ ಅನ್ನರಿ."