ಹುಳಮನೆಯಲ್ಲಿ ಮೂರು ನಿಮಿಷ

ಕದಿರೇಶನಿಗೆ ಹೆದರಿಕೆ ಹೊಸದೇನಲ್ಲ. ಮಾಲೂರಿನ ಇಟ್ಟಿಗೆ ಗೂಡಿನ ಗುಮಾಸ್ತನ ಮಗ, ಬಿ.ಎಸ್ಸಿ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಕೂರುವುದು ಬಿಟ್ಟು ಪುಣೆಗೆ ಹೋಗಿ ಸಿನಿಮಾ ಓದುತ್ತೇನೆ ಅಂದವನು. "ಸಿನಿಮಾ ನೋಡೋಕೂ ಓದ್ಬೇಕೇನ್ಲಾ?" ಎಂದಿದ್ದ ಅಪ್ಪ. ಪುಣೆಯಲ್ಲಿ ಜೊತೆಯವರ ಇಂಗ್ಲಿಷಿಗೆ ಹೆದರಿದ, ಮೇಷ್ಟರ ಮೌನಕ್ಕೆ ಹೆದರಿದ, ಮೆಸ್ಸಿನ ಅಡುಗೆಯವನಿಗೂ ಹೆದರಿದ. ಹಾಗೆ ಹೆದರುತ್ತಲೇ ಎರಡು ವರ್ಷ ಕಳೆದು, ಎಂಬತ್ನಾಲ್ಕನೇ ಇಸವಿಯಲ್ಲಿ ಕೊನೆಯ ವರ್ಷಕ್ಕೆ ಬಂದು ಮುಟ್ಟಿದ. ಹತ್ತು ನಿಮಿಷದ ಒಂದು ಚಿತ್ರ ಮಾಡಿ ಒಪ್ಪಿಸಿದರೆ ಪಾಸು, ಇಲ್ಲದಿದ್ದರೆ ಮಾಲೂರಿನ ಇಟ್ಟಿಗೆ ಗೂಡು.

ರೇಷ್ಮೆ ಹುಳುವಿನ ಮೇಲೆ ಚಿತ್ರ ಮಾಡುತ್ತೇನೆ ಎಂದು ಬರೆದುಕೊಟ್ಟಿದ್ದ. ಶಾಲೆಯವರು ಕೀಲಿ ಕೊಟ್ಟು ಓಡಿಸುವ ಒಂದು ಕ್ಯಾಮೆರಾ, ಎಂಟು ಸುರುಳಿ ಫಿಲ್ಮು, ಒಂದು ಕರಿ ಬಟ್ಟೆಯ ಚೀಲ ಕೊಟ್ಟು ಕಳಿಸಿದ್ದರು. ಒಂದು ಸುರುಳಿ ಓಡುವುದು ಮೂರು ನಿಮಿಷವೂ ಇಲ್ಲ. ಚೀಲಕ್ಕೆ ಎರಡು ತೋಳುಗಳಿದ್ದವು. ಫಿಲ್ಮು ಎಲ್ಲಾದರೂ ಸಿಕ್ಕಿಕೊಂಡರೆ ಕ್ಯಾಮೆರಾವನ್ನು ಅದರೊಳಗಿಟ್ಟು, ತೋಳಲ್ಲಿ ಕೈ ತೂರಿಸಿ, ಬೆಳಕು ತಾಗದಂತೆ ಕತ್ತಲಲ್ಲೇ ಬಿಡಿಸಬೇಕು.

ತಾಯಲೂರಿನಿಂದ ಎರಡು ಮೈಲಿ ಒಳಗಿನ ಹಳ್ಳಿಯಲ್ಲಿ ಅಪ್ಪನ ಪರಿಚಯದ ಚನ್ನರಾಯಪ್ಪನ ಮನೆ ಇತ್ತು. ಎರಡು ಎಕರೆ ಹಿಪ್ಪುನೇರಳೆ, ಮನೆಗೆ ಅಂಟಿಕೊಂಡಂತೆ ಹುಳಮನೆ. ಬೀದಿ ಕಡೆಯ ಕೋಣೆಯನ್ನು ಕದಿರೇಶನಿಗೆ ಬಿಟ್ಟುಕೊಟ್ಟಿದ್ದರು. ಬೆಳಗ್ಗೆ ಐದಕ್ಕೆ ಎದ್ದು ಚಾಪೆ ಸುತ್ತಿ, ಹಳೇ ಪಂಚೆಯ ತುಂಡಿನಲ್ಲಿ ಲೆನ್ಸ್ ಒರೆಸಿ, ಜಗಲಿಯ ಮೇಲೆ ಕರಿ ಚೀಲದಲ್ಲಿ ಕೈ ತೂರಿಸಿ ಕಣ್ಣು ಮುಚ್ಚಿ ಅಭ್ಯಾಸ ಮಾಡುವುದು ಅವನ ದಿನಚರಿ. ಚನ್ನರಾಯಪ್ಪನ ಹೆಂಡತಿ ವೆಂಕಟರತ್ನಮ್ಮ ಅದನ್ನು ನೋಡಿ, "ಏನಯ್ಯಾ, ಒಳಗೆ ಬೆಕ್ಕು ಹಿಡ್ಕಂಡಿದ್ದೀಯಾ?" ಎಂದು ನಗುತ್ತಿದ್ದಳು. ಆಮೇಲೆ ಮುದ್ದೆ, ಸೊಪ್ಪಿನ ಸಾರು, ತೋಟ, ಕ್ಯಾಮೆರಾ, ಎಷ್ಟು ಅಡಿ ಫಿಲ್ಮು ಖರ್ಚಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಭಾನುವಾರ ಮನೆಗೊಂದು ಕಾಗದ. ಅದರಲ್ಲಿ ಎಲ್ಲ ಸೊಗಸಾಗಿ ನಡೀತಿದೆ ಎಂಬ ಸುಳ್ಳು.

ಆ ಮನೆಯಲ್ಲಿ ಅವನ ಕೆಲಸವನ್ನು ಕೆಲಸ ಎಂದು ತಿಳಿದಿದ್ದವಳು ಸೊಸೆ ಶಾಮಲ ಒಬ್ಬಳೇ. ಅವಳ ಗಂಡ ಪೆದ್ದಪ್ಪ ಮಾತಿಲ್ಲದ ಆಳು. ಅಮ್ಮ ಕೂತರೆ ಕೂತ, ನಿಂತರೆ ನಿಂತ. ಶಾಮಲ ಮಾತ್ರ ಸೊಪ್ಪು ಕೊಯ್ಯುತ್ತಾ, "ನಿಮ್ಮ ಸಿನಿಮಾದಾಗೆ ಫೈಟಿಂಗ್ ಇಲ್ವಾ? ಹಾಡಾದ್ರೂ ಐತಾ?" ಎಂದು ಕೇಳುವಳು. ಇಲ್ಲ ಅಕ್ಕ, ಹುಳು ಸೊಪ್ಪು ತಿನ್ನೋದಷ್ಟೇ ಅಂದರೆ, "ಹಂಗಾದ್ರೆ ನಮ್ಮತ್ತೇನೇ ತೆಗೀರಿ, ಅವರೂ ಇಡೀ ದಿನ ತಿಂತಾರೆ" ಎಂದು ದನಿ ತಗ್ಗಿಸಿ ನಗುವಳು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅತ್ತೆ ಆಗಲೇ ಪೆದ್ದಪ್ಪನಿಗೆ ಇನ್ನೊಂದು ಸಂಬಂಧದ ಮಾತೆತ್ತಿದ್ದು ಊರಿಗೇ ಗೊತ್ತಿತ್ತು.

ಹುಳಮನೆಗೆ ಕಟ್ಟುಪಾಡು ಬಹಳ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಬೀಡಿ ಸೇದಿದವರು, ಒಗ್ಗರಣೆ ಹಾಕಿದ ಕೈಯವರು ಸ್ನಾನ ಮಾಡದೆ ಹೋಗುವಂತಿಲ್ಲ. ಮುಟ್ಟಾದ ಹೆಂಗಸು ಆ ಕಡೆ ತಿರುಗುವಂತೆಯೇ ಇಲ್ಲ. "ನೀನು ಬಾಗಿಲಾಗೆ ನಿಂತು ತಕ್ಕೋ ಕಣಪ್ಪ. ಹುಳ ಗೂಡಿಗೆ ಹತ್ತಲಿ, ಆಮೇಲೆ ಒಳಗೆ ಬರುವಿಯಂತೆ" ಎಂದಿದ್ದ ಚನ್ನರಾಯಪ್ಪ. ಆದರೆ ಬಾಗಿಲಿಂದ ನೋಡಿದರೆ ಬಿದಿರು ತಟ್ಟೆಗಳ ಸಾಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹುಳುವಿನ ಬಾಯಿ ಕಾಣಬೇಕು, ಎಲೆಯ ಅಂಚು ಕರಗುವುದು ಕಾಣಬೇಕು. ಅದಿಲ್ಲದ ಚಿತ್ರವನ್ನು ಪುಣೆಯ ಮೇಷ್ಟರು ಮೂಸಿಯೂ ನೋಡುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಅವತ್ತು ಮಂಗಳವಾರ. ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನು ನಾಲ್ಕೈದು ದಿನ. ಹಿಂದಿನ ದಿನ ರಾಯಲ್ಪಾಡಿಗೆ ಹೋಗಿ ಅಲ್ಲೇ ಸೋದರಮಾವನ ಮನೆಯಲ್ಲಿ ಉಳಿದು, ಬೆಳಗಿನ ಬಿಸಿಲಲ್ಲಿ ಟೊಮೇಟೊ ತೋಟಕ್ಕೆ ಮಂದು, ಅಂದರೆ ಕೀಟನಾಶಕ, ಹೊಡೆಯುವುದನ್ನು ಅರ್ಧ ಸುರುಳಿ ತೆಗೆದಿದ್ದ. ನೆಲಕ್ಕೆ ಮಂಡಿಯೂರುವಾಗ ಪ್ಯಾಂಟು ಕೆಸರಾಗದಿರಲೆಂದು ಕರಿ ಚೀಲವನ್ನು ಬದುವಿನ ಮೇಲೆ ಹಾಸಿಕೊಂಡಿದ್ದ. ಪಂಪು ಹೊತ್ತವನು ಪಕ್ಕದಲ್ಲೇ ಹಾದುಹೋದಾಗ ತುಂತುರು ಬಿದ್ದಿತ್ತು. ಕದಿರೇಶ ಲೆನ್ಸನ್ನು ಮಾತ್ರ ಅಂಗಿಯಲ್ಲಿ ಮುಚ್ಚಿಕೊಂಡ. ಸಿನಿಮಾ ಓದುವವರ ಬುದ್ಧಿ ಅಷ್ಟೇ: ಲೆನ್ಸೊಂದು ಒಣಗಿದ್ದರೆ ಪ್ರಪಂಚವೇ ಒಣಗಿದ್ದಂತೆ.

ಎರಡು ಬಸ್ಸು ಬದಲಿಸಿ ಹಳ್ಳಿ ಸೇರಿದಾಗ ಮಧ್ಯಾಹ್ನ. ಎಲ್ಲರೂ ಸೊಪ್ಪು ಕೊಯ್ಯಲು ಹೋಗಿದ್ದರು. ಶಾಮಲ ಮುಟ್ಟಾಗಿ ಹಿತ್ತಲಿನ ದನದ ಕೊಟ್ಟಿಗೆಯ ಮಗ್ಗುಲಲ್ಲಿ ಕೂತಿದ್ದಳು. ಹುಳಮನೆಯ ಬೀಗದ ಕೈ ಗೋಡೆಯ ಗೂಡಿನಲ್ಲಿತ್ತು. ಸುರುಳಿಯಲ್ಲಿ ಅರ್ಧ ಉಳಿದಿತ್ತು. ಕದಿರೇಶ ಒಂದು ನಿಮಿಷ ನಿಂತ, ಆಮೇಲೆ ಬಾಗಿಲು ತೆಗೆದ.

ಒಳಗೆ ಸಂಜೆಯ ಮೇವಿಗೆಂದು ಕತ್ತರಿಸಿದ ಸೊಪ್ಪಿನ ರಾಶಿಯಿತ್ತು, ಮೇಲೆ ಒದ್ದೆ ಗೋಣಿ. ಕ್ಯಾಮೆರಾ ಅಲುಗಾಡದೆ ಕೂರಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಗೋಣಿ ಸರಿಸಿದ, ಕ್ಯಾಮೆರಾಕ್ಕೆ ಒದ್ದೆ ತಾಗದಿರಲೆಂದು ಸೊಪ್ಪಿನ ಮೇಲೆ ಕರಿ ಚೀಲ ಹಾಸಿದ, ಕ್ಯಾಮೆರಾ ಇಟ್ಟ, ಕೀಲಿ ತಿರುಗಿಸಿದ. ಕೆಳಗಿನ ತಟ್ಟೆಯ ಹುಳುಗಳು ಅವನ ಕಣ್ಣೆದುರಿಗೇ ಎಲೆ ಕೊರೆಯುತ್ತಿದ್ದವು. ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಅಳು ಬಂತು. ಫಿಲ್ಮು ಮುಗಿಯಿತು. ಗೋಣಿ ಮುಚ್ಚಿ ಹೊರಗೆ ಬಂದು ಬೀಗ ಹಾಕಿ, ಬೀಗದ ಕೈಯನ್ನು ಮತ್ತೆ ಗೂಡಿನಲ್ಲಿಟ್ಟ. ಎಲ್ಲ ಸೇರಿ ಮೂರು ನಿಮಿಷ. ಯಾರೂ ನೋಡಲಿಲ್ಲ.

ಬುಧವಾರ ಬೆಳಗ್ಗೆ ವೆಂಕಟರತ್ನಮ್ಮನ ಕೂಗಿಗೆ ಅವನು ಎದ್ದ. "ಅಯ್ಯೋ ದೇವುಡಾ! ಹುಳ ಹೋಯ್ತಲ್ಲೋ!" ಅರ್ಧಕ್ಕೂ ಹೆಚ್ಚು ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಒದ್ದಾಡುತ್ತಿದ್ದವು. ಬಾಯಿಂದ ಹಸಿರು ನೀರು ಕಾರಿಕೊಂಡು ಕುಗ್ಗಿ ಬೀಳುತ್ತಿದ್ದವು. ಚನ್ನರಾಯಪ್ಪ ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಹೊರಗೆ ಬಂದ. ಅವನ ಮುಖ ಬೂದಿಯಾಗಿತ್ತು. "ಮಂದು ತಗಲಿದ ಹಂಗೈತೆ. ಆದ್ರೆ ಸುತ್ತ ಎರಡು ಮೈಲೀಲಿ ಯಾರೂ ಟಮಾಟ ಇಟ್ಟಿಲ್ಲ. ಮಂದು ಎಲ್ಲಿಂದ ಬಂತು?"

ಮಂದು ಎಂಬ ಮಾತು ಕೇಳಿದ್ದೇ ಕದಿರೇಶನಿಗೆ ಬದುವಿನ ಮೇಲೆ ಹಾಸಿದ್ದ ಚೀಲ ನೆನಪಾಯಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚೀಲವನ್ನು ಮೂಗಿಗೆ ಹಿಡಿದ. ಘಾಟು ಹಾಗೇ ಇತ್ತು. ನಿನ್ನೆಯೂ ಇದ್ದಿರಬೇಕು. ಪುಣೆಯ ಲ್ಯಾಬಿನ ಕೆಮಿಕಲ್ಲಿಗೆ ಒಗ್ಗಿಹೋದ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಚೀಲವನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ, ಕೈ ತೊಳೆದ, ಮತ್ತೆ ತೊಳೆದ.

ಹೊರಗೆ ವೆಂಕಟರತ್ನಮ್ಮನಿಗೆ ಕಾರಣ ಸಿಕ್ಕಿಬಿಟ್ಟಿತ್ತು. "ಮಂದೂ ಇಲ್ಲ ಮಣ್ಣೂ ಇಲ್ಲ. ನಿನ್ನೆ ಮನೇಲಿ ಇದ್ದೋಳು ಯಾರು? ಬೀಗದ ಕೈ ಗೂಡಿನಾಗೆ ಅಡ್ಡ ಬಿದ್ದಿತ್ತು, ನಾನು ಯಾವತ್ತೂ ಹಂಗಿಡಲ್ಲ. ಮುಟ್ಟಾದೋಳು ಒಳಗೆ ಹೋಗವ್ಳೆ!" ಶಾಮಲ ಕೊಟ್ಟಿಗೆಯಿಂದಲೇ, "ಇಲ್ಲ ಅತ್ತೆ, ನಾನು ಈ ಕಡೆ ಬಂದೇ ಇಲ್ಲ" ಎಂದಳು. "ಸುಮ್ನಿರೇ! ಒಂದು ಮಗೂನ ಹೆರೋಕಾಗ್ಲಿಲ್ಲ, ಹುಳಾನೂ ತಿಂದ್ಕಂಡೆ." ಪೆದ್ದಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಶಾಮಲಳ ಅಪ್ಪನಿಗೆ ಹೇಳಿಕಳಿಸಿದರು: ಬಂದು ಮಗಳನ್ನು ಕರೆದುಕೊಂಡು ಹೋಗಿ, ನಮಗಿನ್ನು ಬೇಡ.

ಕದಿರೇಶ ಹೇಳಬೇಕಿತ್ತು. ಆಗಲೇ, ಅಲ್ಲೇ. ಹೇಳಲು ಬಾಯಿ ತೆರೆದಾಗ ಪೆದ್ದಪ್ಪನ ಕೈಯಲ್ಲಿದ್ದ ಕುಡುಗೋಲು ಕಂಡಿತು. ಕುಡುಗೋಲು ಸೊಪ್ಪು ಕೊಯ್ಯಲಿಕ್ಕೆ ಎಂಬುದು ಅವನಿಗೂ ಗೊತ್ತಿತ್ತು, ಆದರೂ ಬಾಯಿ ಮುಚ್ಚಿಕೊಂಡ. ಆಮೇಲೆ ಕೂತು ಒಂದೊಂದೇ ನೆಪ ಪೋಣಿಸತೊಡಗಿದ. ಹೇಳಿದರೆ ಹೊಡೆಯುತ್ತಾರೆ. ಕ್ಯಾಮೆರಾ ಒಡೆದುಹಾಕುತ್ತಾರೆ, ಅದು ಶಾಲೆಯದು. ಇಷ್ಟಲ್ಲದೆ ಇನ್ನೊಂದಿತ್ತು, ಎಲ್ಲಕ್ಕಿಂತ ಗಟ್ಟಿಯಾದದ್ದು: ಮನೆಯಲ್ಲಿ ಅವಳೊಬ್ಬಳೇ ಇದ್ದ ಹೊತ್ತಿನಲ್ಲಿ ನಾನು ಬಂದಿದ್ದೆ ಅಂದರೆ ಜನ ಏನನ್ನುತ್ತಾರೆ? ಅವಳ ಮಾನಕ್ಕಾಗಿಯೇ ನಾನು ಸುಮ್ಮನಿದ್ದೇನೆ. ಇದು ಅವನಿಗೆ ಬಹಳ ಹಿಡಿಸಿತು. ಹೆದರಿಕೆಗೆ ಒಳ್ಳೆಯ ಅಂಗಿ ತೊಡಿಸಿದರೆ ಅದೂ ದೊಡ್ಡ ಮನುಷ್ಯನಂತೆ ಕಾಣುತ್ತದೆ.

ಬುಧವಾರ ಕಳೆಯಿತು. ಗುರುವಾರವೂ ಕಳೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕದಿರೇಶ ಯಾರು ಕೆಮ್ಮಿದರೂ ಪೆಟ್ಟಿಗೆಯ ಕಡೆ ನೋಡುತ್ತಿದ್ದ. ಸತ್ತ ಹುಳುಗಳನ್ನು ಕುಕ್ಕೆಗಟ್ಟಲೆ ತಿಪ್ಪೆಗೆ ಸುರಿದರು. ಉಳಿದ ತಟ್ಟೆಗಳನ್ನು ಚನ್ನರಾಯಪ್ಪ ಒಬ್ಬನೇ ನೋಡಿಕೊಂಡ. ಗುರುವಾರ ಸಂಜೆ ಕದಿರೇಶ ಹಿತ್ತಲಿಗೆ ಹೋದಾಗ ಶಾಮಲ ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದಳು. ಅವನನ್ನು ನೋಡಿ ಮೆಲ್ಲಗೆ, "ನೀವು ಓದಿರೋರು. ಮುಟ್ಟಾದೋರು ಇದ್ರೆ ಹುಳ ಸಾಯ್ತಾವಾ?" ಎಂದು ಕೇಳಿದಳು. "ಇಲ್ಲ ಅಕ್ಕ, ಅದೆಲ್ಲ ಸುಳ್ಳು" ಎಂದ. "ಹಂಗಂತ ಅವರಿಗೆ ಒಂದು ಮಾತು ಹೇಳ್ತೀರಾ?" ಅವನು ಹೇಳುತ್ತೇನೆ ಎಂದು ತಲೆಯಾಡಿಸಿ ಬಂದು ಕೋಣೆಯಲ್ಲಿ ಬಟ್ಟೆ ಮಡಿಸತೊಡಗಿದ. ಶುಕ್ರವಾರ ಬೆಳಗಿನ ಬಸ್ಸಿಗೆ ಮಾಲೂರಿಗೆ ಹೊರಟುಬಿಡಬೇಕೆಂದು ತೀರ್ಮಾನಿಸಿದ್ದ.

ಹೊರಡುವುದರೊಳಗೆ ಶಾಮಲಳ ಅಪ್ಪ ಮುನಿರಾಮಪ್ಪ ಬಂದ. ಸಣ್ಣ ಆಳು, ಹೆಗಲ ಮೇಲೆ ಟವೆಲು. ಜಗಲಿಯ ಮೇಲೆ ಕೂರದೆ ಕೆಳಗೇ ನಿಂತ. ಮಗಳ ಟ್ರಂಕು ಅಂಗಳಕ್ಕೆ ಬಂದಿತ್ತು. "ನಿಮ್ಮ ಕಾಲಿಗೆ ಬೀಳ್ತೀನಿ ತಾಯೀ, ಗೊತ್ತಿಲ್ದೆ ಮಾಡಿರ್ತಾಳೆ, ಮುಚ್ಚಾಕಿ" ಎಂದು ಅವನು ನಿಜವಾಗಿಯೂ ಬಗ್ಗಿದ. ಆ ಬೆನ್ನು ಬಗ್ಗಿದ್ದು ನೋಡಿ ಕದಿರೇಶನಿಗೆ ತಡೆಯಲಾಗಲಿಲ್ಲ. ಧೈರ್ಯ ಬಂತೆಂದಲ್ಲ, ಹೆದರುತ್ತಲೇ ಅಂಗಳಕ್ಕೆ ಇಳಿದ.

"ಅವರು ಹೋಗಿಲ್ಲ. ಮಂಗಳವಾರ ಮಧ್ಯಾಹ್ನ ನಾನು ಹೋಗಿದ್ದೆ" ಎಂದ. ರಾಯಲ್ಪಾಡು, ಟೊಮೇಟೊ, ಚೀಲ, ಸೊಪ್ಪಿನ ರಾಶಿ, ಎಲ್ಲವನ್ನೂ ತೊದಲುತ್ತಾ ಹೇಳಿದ.

ವೆಂಕಟರತ್ನಮ್ಮ ನಿಧಾನಕ್ಕೆ ಕೇಳಿದಳು: "ಅವಳೊಬ್ಬಳೇ ಇದ್ದಾಗ ಬಂದಿದ್ದಾ? ಮೂರು ದಿನ ಇಲ್ಲದ ಮಾತು ಈಗ್ಯಾಕೆ ಬಂತು? ಅವಳನ್ನ ಉಳಿಸ್ಕಳೋಕೆ ಸುಳ್ಳು ಹೇಳ್ತಿದ್ದೀಯ. ಅವಳು ನಿನಗೇನಾಗ್ಬೇಕು?" ಪೆದ್ದಪ್ಪ ತಲೆಯೆತ್ತಿ ಮೊದಲು ಕದಿರೇಶನನ್ನು ನೋಡಿದ, ಆಮೇಲೆ ಹೆಂಡತಿಯನ್ನು. ಹೆದರಿದ್ದೆಲ್ಲ ನಿಜವಾಗಿತ್ತು. ಹೇಳಿ ಅವಳನ್ನು ಇನ್ನೂ ಆಳಕ್ಕೆ ನೂಕಿದ್ದ.

"ಚೀಲ ತನ್ನಿ" ಎಂದಳು ಶಾಮಲ. ಅವಳು ಅಂಗಳಕ್ಕೆ ಬಂದು ನಿಂತಿದ್ದಳು.

ತಂದ. ಅವಳು ಮೂಸಿ ನೋಡಿ ಮಾವನ ಕೈಗೆ ಕೊಟ್ಟಳು. "ನೀವೂ ನೋಡಿ ಮಾವ. ಉಳಿದಿರೋ ತಟ್ಟೆಯಿಂದ ಒಂದೆರಡು ಹುಳ ತನ್ನಿ." ಚನ್ನರಾಯಪ್ಪ ಮೂಸಿದ, ಒಳಗೆ ಹೋದ, ಎಲೆಯ ಮೇಲೆ ಎರಡು ಹುಳು ತಂದ. ಜಗಲಿ ಕಲ್ಲಿನ ಮೇಲೆ ಚೀಲ ಹಾಸಿ, ಅದರ ಮೇಲೆ ಅವನ್ನು ಬಿಟ್ಟರು.

ಕರಿ ಬಟ್ಟೆಯ ಮೇಲೆ ಹುಳುಗಳು ಬೆಳ್ಳಗೆ ಎದ್ದು ಕಂಡವು. ಒಂದು ಸುಮ್ಮನೆ ಬಿದ್ದಿತ್ತು. ಇನ್ನೊಂದು ತೋಳಿನ ಹೊಲಿಗೆಯ ಗುಂಟ ಹರಿಯಿತು, ಅಂಚಿಗೆ ಬಂತು, ತಿರುಗಿತು. ಮುನಿರಾಮಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡಿದ್ದ. ಒಂದು ಬೀಡಿ ಸೇದುವಷ್ಟು ಹೊತ್ತು ಏನೂ ಆಗಲಿಲ್ಲ. ಜೀವನದಲ್ಲಿ ಮೊದಲ ಸಲ ಕದಿರೇಶ ಒಂದು ಜೀವ ಸಾಯಲಿ ಎಂದು ಬೇಡಿಕೊಂಡ.

"ನೋಡಿದ್ರಾ? ಏನಾಯ್ತು? ಹುಳ ಗುಂಡುಕಲ್ಲಿನಂಗೈತೆ" ಎಂದಳು ವೆಂಕಟರತ್ನಮ್ಮ. ಆಗ ಹರಿಯುತ್ತಿದ್ದ ಹುಳು ನಿಂತಿತು. ತಲೆಯೆತ್ತಿತು. ಆ ಕಡೆ ಈ ಕಡೆ ತೂಗಿತು, ಮೈ ತಿರುಚಿಕೊಂಡಿತು, ಹಸಿರು ನೀರು ಕಾರಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಹಾಗೇ ಮಾಡಿತು. ಎರಡೂ ಕುಗ್ಗಿ ಒರಗಿದವು.

ವೆಂಕಟರತ್ನಮ್ಮ ಜಗಲಿಯ ಮೇಲೆ ಕುಸಿದು ಕೂತಳು. ಚನ್ನರಾಯಪ್ಪ ಕದಿರೇಶನ ಕಡೆ ನೋಡಲೂ ಇಲ್ಲ. ಪೆದ್ದಪ್ಪನಿಗೆ ಈಗ ಮಾತು ಬಂತು. "ಟ್ರಂಕ್ ಒಳಗೆ ಇಡ್ಲಾ?" ಎಂದು ಹೆಂಡತಿಯನ್ನು ಕೇಳಿದ. ಯಾರೂ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ಕದಿರೇಶನಿಗೆ ಮೈಯೆಲ್ಲ ಹಗುರಾಯಿತು, ನಾಚಿಕೆಯಿಲ್ಲದೆ ಒಂದು ಗಳಿಗೆ ಸಂತೋಷವೂ ಆಯಿತು.

ಶಾಮಲ ಅವನ ಮುಂದೆ ಬಂದು ನಿಂತಳು. "ನಿಮಗೆ ಯಾವಾಗ ಗೊತ್ತಾಯ್ತು?"

"ಬುಧವಾರ."

"ಬೆಳಗ್ಗೇನಾ?"

"ಹೂಂ ಅಕ್ಕ."

"ನಿನ್ನೆ ನಾನು ಕೇಳಿದಾಗ ಗೊತ್ತಿತ್ತು."

ಅವನು ತಲೆ ತಗ್ಗಿಸಿದ. ಕ್ಯಾಮೆರಾದಲ್ಲಿ ಕಣ್ಣಿಟ್ಟು ಹುಳುವಿನ ಬಾಯಿ ಕಂಡವನಿಗೆ ಆ ಮುಖವನ್ನು ನೋಡುವ ಧೈರ್ಯ ಬರಲಿಲ್ಲ. "ಹೆದರಿಕೆ ಆಯ್ತು" ಎಂದ.

"ನನಗೂ ಆಗಿತ್ತು" ಎಂದಳು ಶಾಮಲ. "ಇನ್ಮೇಲೆ ಅಕ್ಕ ಅನ್ಬೇಡಿ."

ಪೆದ್ದಪ್ಪ ಟ್ರಂಕಿನ ಹಿಡಿಗೆ ಕೈ ಹಾಕಿದ್ದ. ಅವಳು ಅದನ್ನು ಅವನ ಕೈಯಿಂದ ಬಿಡಿಸಿಕೊಂಡು ಅಪ್ಪನ ಮುಂದೆ ಇಟ್ಟಳು. "ನಡಿ ನಾಯ್ನ, ಬಸ್ಸಿಗೆ ಹೊತ್ತಾಯ್ತು." ಮುನಿರಾಮಪ್ಪ ಗಲಿಬಿಲಿಯಿಂದ ಎಲ್ಲರ ಮುಖ ನೋಡಿದ. "ನಿಂದು ತಪ್ಪಿಲ್ಲ ಅಂತ ಆಯ್ತಲ್ಲಮ್ಮಾ?" ಎಂದ.

"ಅದಕ್ಕೇ ಹೋಗ್ತಿರೋದು. ತಪ್ಪು ಮಾಡಿದ್ರೆ ಕಾಲು ಹಿಡ್ಕಂಡು ಇಲ್ಲೇ ಇರ್ತಿದ್ದೆ."

ಅಪ್ಪ ಮಗಳು ಟ್ರಂಕನ್ನು ಎರಡೂ ಕಡೆ ಹಿಡಿದುಕೊಂಡು ತಾಯಲೂರಿನ ದಾರಿ ಹಿಡಿದರು. ಕದಿರೇಶನ ಬಸ್ಸೂ ಅದೇ ಆಗಿತ್ತು. ಅವನು ಹೋಗಲಿಲ್ಲ. ಮಡಿಸಿಟ್ಟ ಬಟ್ಟೆಯ ಪಕ್ಕದಲ್ಲಿ ಕೂತು, ಮುಂದಿನ ಬಸ್ಸು ಸಂಜೆ ನಾಲ್ಕಕ್ಕೆ ಎಂದು ತಿಳಿದಿದ್ದರೂ, ಅಲ್ಲಿವರೆಗೆ ಆ ಮನೆಯಲ್ಲಿ ಯಾರೂ ತನ್ನ ಜೊತೆ ಮಾತಾಡುವುದಿಲ್ಲ ಎಂದು ತಿಳಿದಿದ್ದರೂ ಕೂತೇ ಇದ್ದ. ಆ ಎರಡು ಮೈಲಿ ಅವಳ ಹಿಂದೆ ನಡೆಯಲು ಅವನಿಗೆ ಹೆದರಿಕೆಯಾಗಿತ್ತು.