ಲಕ್ಕಣ್ಣನ ಹಿಮ್ಮಡಿಗೆ ಹೊಡೆದವರು ಯಾರು?

ಯಗಟಿ ಕಡೆಯಿಂದ ಬರುವಾಗ ಊರು ಸೇರುವ ಮುಂಚೆ ಒಂದು ಏರು ಸಿಗುತ್ತದೆ. ತೆಂಗಿನಕಾಯಿ ತುಂಬಿದ ಲಗೇಜ್ ಆಟೋಗಳು ಆ ಏರಿನಲ್ಲಿ ಉಸಿರು ಕಟ್ಟಿ ನಿಲ್ಲೋದು ಹೊಸದೇನಲ್ಲ. ಅವತ್ತು ಸಂಜೆ ನಿಂತದ್ದು ರವಿಕುಮಾರನ ಆಟೋ. ಒಳಗಿದ್ದದ್ದು ಲಕ್ಕಣ್ಣನ ಕಾಯಿ.

ಲಕ್ಕಣ್ಣನಿಗೆ ಐವತ್ತು ಹತ್ತಿರ. ಒಂದು ಕಾಲದಲ್ಲಿ ಕುರಿ ಹಿಂದೆ ದಿನವೆಲ್ಲ ಅಲೆದ ಕಾಲು ಅವನದು. ಕುರಿ ಮಾರಿದ ಮೇಲೆ ಬೈಕ್ ಬಿಟ್ಟು ಇಳಿದದ್ದೇ ಕಮ್ಮಿ. ಆದರೂ ಹಳೇ ಹುಮ್ಮಸ್ಸು ಎಲ್ಲಿ ಹೋಗುತ್ತೆ? ಪಂಚೆ ಎತ್ತಿ ಕಟ್ಟಿ, ಆಟೋ ಹಿಂದೆ ನಿಂತು, ಕಾಲೂರಿ ತಳ್ಳೋಕೆ ಶುರುಮಾಡಿದ.

ಅಷ್ಟರಲ್ಲಿ ತೋಟದಿಂದ ಬರುತ್ತಿದ್ದ ಕಾಂತರಾಜು, ರಸ್ತೆ ಪಕ್ಕದ ಕಲ್ಲೊಂದನ್ನು ಎತ್ತಿಕೊಂಡು ಹತ್ತಿರ ಬಂದ. ಇಬ್ಬರಿಗೂ ಮಾತಿಲ್ಲ. ಹೋದ ಸಲ ಡೈರಿ ಚುನಾವಣೆಯಲ್ಲಿ ಲಕ್ಕಣ್ಣ ಸೋತ, ಕಾಂತರಾಜು ಗೆದ್ದ. ಅಲ್ಲಿಂದ ಎದುರಿಗೆ ಸಿಕ್ಕರೆ ಲಕ್ಕಣ್ಣ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಅವತ್ತೂ ತಿರುಗಿ ನೋಡಲಿಲ್ಲ. ಹಲ್ಲು ಕಚ್ಚಿ ಇನ್ನೊಂದು ಸಲ ಜೋರಾಗಿ ತಳ್ಳಿದ.

ಫಟ್!

ಬಲಗಾಲಿನ ಹಿಮ್ಮಡಿಯ ಮೇಲೆ ಯಾರೋ ಕಲ್ಲಲ್ಲಿ ಹೊಡೆದ ಹಾಗಾಯಿತು. ಲಕ್ಕಣ್ಣ ಕುಸಿದು ಕೂತ. ತಿರುಗಿ ನೋಡಿದರೆ ಕಾಂತರಾಜು ಬಗ್ಗಿ ನಿಂತಿದ್ದಾನೆ. ಕೈಯಲ್ಲಿ ಕಲ್ಲು!

"ಹೊಡೆದ್ಬಿಟ್ಯಲ್ಲೋ ಕಾಂತರಾಜು! ಹಿಂದಿನಿಂದ ಹೊಡೆದ್ಬಿಟ್ಯಲ್ಲೋ!"

"ಅಯ್ಯೋ, ನಾನೆಲ್ಲಿ ಹೊಡೆದ್ನಪ್ಪಾ? ಚಕ್ರಕ್ಕೆ ಕಲ್ಲು ಕೊಡಾಣ ಅಂತ ಬಂದೆ. ಗಾಡಿ ಹಿಂದಕ್ಕೆ ಬಂದ್ರೆ ನಿನ್ ಮೇಲೇ ಬರ್ತದಲ್ಲ."

ಸ್ಟಿಯರಿಂಗ್ ಹಿಡಿದು ಕೂತಿದ್ದ ರವಿಕುಮಾರನಿಗೆ ಹಿಂದೆ ಏನಾಯಿತೋ ಕಂಡಿರಲಿಲ್ಲ. "ನಂಗೆ ಗೊತ್ತಿಲ್ಲ ಕಣಣ್ಣಾ" ಅಂದುಬಿಟ್ಟ. ಅಷ್ಟು ಸಾಕಾಯಿತು. ಮಾರನೇ ದಿನ ಬೆಳಿಗ್ಗೆ ಹಾಲು ಹಾಕಲು ಬಂದವರೆಲ್ಲ ಡೈರಿ ಮುಂದೆ ಗುಸುಗುಸು ಮಾತಾಡಿದರು. ಕಾಂತರಾಜು ಬಂದ ಕೂಡಲೇ ಬಾಯಿ ಮುಚ್ಚಿದರು.

ಮನೆಯಲ್ಲಿ ಲಕ್ಕಣ್ಣ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದ. ಹಿಮ್ಮಡಿ ಸುತ್ತ ಊದಿತ್ತು. ನೋವು ಮಾತ್ರ ರಾತ್ರಿಗಿಂತ ಕಡಿಮೆ.

"ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ, ಬಿಡಲ್ಲ" ಅಂದ.

ಹೆಂಡತಿ ಶಂಕರಮ್ಮ ಎಣ್ಣೆ ಬಿಸಿ ಮಾಡುತ್ತಿದ್ದಳು. "ಮೊದ್ಲು ಕಾಲು ನೋಡ್ಕಳಿ. ಉಳುಕಿರ್ಬೇಕು. ಉಳುಕು ತೆಗೆಯೋ ಪಾಪಮ್ಮಂಗೆ ಹೇಳಿ ಕಳಿಸಿದೀನಿ, ನೀವಿ ಎಳೆದ್ರೆ ಸರಿಹೋಗ್ತದೆ."

ಪಾಪಮ್ಮನಿಗಿಂತ ಮುಂಚೆ ಬಂದವಳು ಸಂಘಮಿತ್ರಾ. ಕಾಂತರಾಜುವಿನ ಮಗಳು. ಕಡೂರಿನಲ್ಲಿ ಫಿಸಿಯೋಥೆರಪಿ ಕೆಲಸ ಅವಳದು. ಅಪ್ಪ ರಾತ್ರಿ ಊಟ ಮಾಡದೆ ಮಲಗಿದ್ದನ್ನು ನೋಡಿ, ಏನಾಯಿತು ಎಂದು ಕೇಳಿ ತಿಳಿದುಕೊಂಡು, ಡ್ಯೂಟಿಗೆ ಹೊರಡುವ ಮುಂಚೆ ಬಂದಿದ್ದಳು.

"ಅತ್ತೆ, ಎಣ್ಣೆ ಹಚ್ಚಬೇಡಿ. ಉಜ್ಜಬೇಡಿ, ಎಳೀಬೇಡಿ. ಮಾವ, ಕಾಲು ತೋರಿಸ್ತೀರಾ?"

ಲಕ್ಕಣ್ಣ ಪಂಚೆ ಎಳೆದು ಕಾಲು ಮುಚ್ಚಿಕೊಂಡ. "ನಿಮ್ಮಪ್ಪ ಕಳಿಸಿದ್ನಾ? ಅವನು ಹೊಡೆದದ್ದು, ನೀನು ಮುಚ್ಚಾಕದು. ಚೆನ್ನಾಗದೆ."

ಸಂಘಮಿತ್ರಾಳ ಮುಖ ಬಾಡಿತು. ಆದರೂ ಹೊರಟು ಹೋಗಲಿಲ್ಲ. "ಅಪ್ಪನ ವಿಷ್ಯ ಆಮೇಲೆ ಮಾತಾಡಾಣ ಮಾವ. ಕಾಲು ನಿಮ್ದು. ಕಲ್ಲೇಟು ಬಿದ್ದಿದ್ರೆ ಚರ್ಮ ತರಚಿರ್ಬೇಕಲ್ಲ? ಎಲ್ಲಿ ತರಚಿದೆ ನೋಡ್ಕೊಳ್ಳಿ."

ಲಕ್ಕಣ್ಣ ಬಗ್ಗಿ ನೋಡಿದ. ಗೀರು ಕೂಡ ಇರಲಿಲ್ಲ. "ಒಳಪೆಟ್ಟು" ಅಂದ.

ಅಂತೂ ಶಂಕರಮ್ಮ ಗದರಿದ ಮೇಲೆ ಮಂಚದ ಮೇಲೆ ಬೋರಲು ಮಲಗಿದ. ಪಾದ ಎರಡೂ ಮಂಚದಿಂದ ಆಚೆ ಜೋತಾಡುತ್ತಿದ್ದವು. ಸಂಘಮಿತ್ರಾ ಎಡಗಾಲಿನ ಮೀನಖಂಡವನ್ನು ಮೆಲ್ಲಗೆ ಹಿಸುಕಿದಳು. ಪಾದ ತಾನೇ ಕೆಳಕ್ಕೆ ಬಾಗಿತು. ಬಲಗಾಲನ್ನೂ ಹಾಗೇ ಹಿಸುಕಿದಳು. ಪಾದ ಅಲುಗಲಿಲ್ಲ.

"ಅಯ್ಯಯ್ಯೋ, ಅಲ್ಲಾಡ್ಲೇ ಇಲ್ಲ ಕಣ್ರೀ!" ಅಂದಳು ಶಂಕರಮ್ಮ.

"ಸರಿಯಾಗಿ ಹಿಸುಕಿರಲ್ಲ ಅವಳು!" ಮುಖ ದಿಂಬಿಗೆ ಇಟ್ಟುಕೊಂಡೇ ಲಕ್ಕಣ್ಣ ಕೂಗಿದ.

"ಹಂಗಾದ್ರೆ ಅತ್ತೆ, ನೀವೇ ನೋಡಿ, ಮೆಲ್ಲಗೆ."

ಶಂಕರಮ್ಮ ಹಿಸುಕಿದಳು. ಎಡಗಾಲು ಬಾಗಿತು. ಬಲಗಾಲು ಹಾಗೇ ನೇತಾಡಿತು. ಅವಳ ಕಣ್ಣಲ್ಲಿ ನೀರು ಬಂತು.

ಸಂಘಮಿತ್ರಾ ಬಿಡಿಸಿ ಹೇಳಿದಳು. "ಮೀನಖಂಡನ ಹಿಮ್ಮಡಿಗೆ ಕಟ್ಟಿರೋ ದಪ್ಪ ಹುರಿ ಒಂದಿದೆ ಅತ್ತೆ. ನಾವು ಹಿಮ್ಮಡಿ ನರ ಅಂತೀವಿ, ಡಾಕ್ಟ್ರು ಅಕಿಲಿಸ್ ಟೆಂಡನ್ ಅಂತಾರೆ. ತುದಿಗಾಲಲ್ಲಿ ನಿಲ್ಲಕ್ಕೆ, ಓಡಕ್ಕೆ, ಏರು ಹತ್ತಕ್ಕೆ ಅದೇ ಬೇಕು. ಅಭ್ಯಾಸ ತಪ್ಪಿದ ಕಾಲಿಗೆ ಒಮ್ಮೆಗೇ ಭಾರ ಕೊಟ್ರೆ ಅದು ತಾನಾಗೇ ಕಿತ್ತೋಗಬಹುದು. ಮಾವನಿಗೆ ಹಂಗೇ ಆಗಿರೋ ಹಾಗೆ ಕಾಣ್ತದೆ."

"ನೋವು ಕಮ್ಮಿಯಾಗದೆ. ಕಾಲೂ ಆಡಿಸ್ತೀನಿ" ಅಂದ ಲಕ್ಕಣ್ಣ.

"ಅದೇ ಮೋಸ ಮಾವ. ಬೇರೆ ಹುರಿಗಳು ಪಾದನ ಒಂಚೂರು ಆಡಿಸ್ತವೆ, ಅದಕ್ಕೇ ಜನ ಉಳುಕು ಅಂತ ಸುಮ್ಮನಾಗ್ತಾರೆ. ತಡ ಮಾಡಿದ್ರೆ ಕಿತ್ತ ತುದಿಗಳು ದೂರ ಸರೀತವೆ. ಆಮೇಲೆ ಕುಂಟೋದೇ. ಮೂಳೆ ಡಾಕ್ಟ್ರಿಗೆ ತೋರಿಸಿ. ಕಡೂರಲ್ಲಿ ನಮಗೆ ಗೊತ್ತಿರೋ ಡಾಕ್ಟ್ರಿದಾರೆ, ಕರ್ಕೊಂಡು ಹೋಗ್ತೀನಿ."

"ನಿನಗೆ ಗೊತ್ತಿರೋ ಡಾಕ್ಟ್ರು ನೀನು ಹೇಳ್ದಂಗೇ ಹೇಳ್ತಾರೆ. ನಾನು ತರೀಕೆರೆಗೆ ಹೋಯ್ತೀನಿ."

"ಎಲ್ಲಿಗಾದ್ರೂ ಹೋಗಿ ಮಾವ. ಇವತ್ತೇ ಹೋಗಿ."

ಬೆರಳು ಕೆಳಮುಖ ಮಾಡಿ, ಕಾಲಿನ ಎರಡು ಬದಿಗೆ ರಟ್ಟು ಇಟ್ಟು, ಬಿಗಿಯಾಗದ ಹಾಗೆ ಬಟ್ಟೆ ಸುತ್ತಿದಳು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸ್ವಲ್ಪ ಹೊತ್ತು ಇಡಿಸಿದಳು. ಆ ಕಾಲು ನೆಲಕ್ಕೆ ಊರಬೇಡಿ ಎಂದು ಹೇಳಿ ಬಸ್ ಹಿಡಿಯಲು ಓಡಿದಳು.

ರವಿಕುಮಾರನ ಆಟೋದಲ್ಲೇ ತರೀಕೆರೆಗೆ ಹೊರಟರು. ಆಸ್ಪತ್ರೆ ಬಾಗಿಲಲ್ಲಿ ಲಕ್ಕಣ್ಣ ಹೆಂಡತಿಯ ಕಿವಿಯಲ್ಲಿ ಹೇಳಿದ. "ಹೊಡೆದ ವಿಷ್ಯ ಬಾಯಿ ಬಿಡ್ಬೇಡ. ಡಾಕ್ಟ್ರೇ ಕಂಡುಹಿಡೀಲಿ. ಅವಾಗ ಗೊತ್ತಾಯ್ತದೆ."

ಮೂಳೆ ಡಾಕ್ಟರು ನಡುವಯಸ್ಸಿನ ಹೆಂಗಸು. "ಏನಾಯ್ತು?" ಅಂದರು.

"ಗಾಡಿ ತಳ್ತಿದ್ದೆ. ನೋವು ಬಂತು" ಅಂದ. ಅಷ್ಟೇ.

ಡಾಕ್ಟರು ಹಿಮ್ಮಡಿಯ ಮೇಲೆ ಬೆರಳಾಡಿಸಿದರು. ಒಂದು ಕಡೆ ಹಳ್ಳ ಸಿಕ್ಕಿತು. ಬೋರಲು ಮಲಗಿಸಿ ಮೀನಖಂಡ ಹಿಸುಕಿದರು. ಬೆಳಿಗ್ಗೆ ಆ ಹುಡುಗಿ ಮಾಡಿದ್ದೂ ಅದನ್ನೇ.

"ಫಟ್ ಅಂತ ಸದ್ದು ಕೇಳಿಸ್ತಾ?"

"ಹೂಂ."

"ಯಾರೋ ಹಿಂದಿನಿಂದ ಒದ್ದಂಗೆ, ಕಲ್ಲಲ್ಲಿ ಹೊಡೆದಂಗೆ ಅನ್ನಿಸ್ತಾ?"

ಲಕ್ಕಣ್ಣ ತಟಕ್ಕನೆ ಹೆಂಡತಿ ಕಡೆ ತಿರುಗಿದ. "ನೀನು ಹೇಳಿದ್ಯಾ?"

"ನಾನೆಲ್ಲಿ ಬಾಯಿ ಬಿಟ್ಟೆ?"

"ಮತ್ತೆ ಆ ಹುಡುಗಿ ಫೋನ್ ಮಾಡಿದ್ಲಾ ನಿಮಗೆ?"

"ಯಾವ ಹುಡುಗಿ?" ಡಾಕ್ಟರು ನಕ್ಕರು. "ಹಿಮ್ಮಡಿ ನರ ಕಿತ್ತುಕೊಂಡು ಬರೋರಲ್ಲಿ ಬಹಳ ಜನ ಇದೇ ಮಾತು ಹೇಳ್ತಾರಪ್ಪ. ಯಾರೋ ಒದ್ರು ಅಂತ ತಿರುಗಿ ನೋಡ್ತಾರೆ, ಹಿಂದೆ ಯಾರೂ ಇರಲ್ಲ. ನಿಮ್ಮ ಹಿಂದೆ ಯಾರಾದ್ರೂ ಇದ್ರಾ?"

ಲಕ್ಕಣ್ಣ ಮೆಲ್ಲಗೆ ಎದ್ದು ಕೂತ.

"ಒಬ್ಬ ಇದ್ದ" ಅಂದ. "ಗಾಡಿ ನನ್ನ ಮೇಲೆ ಬರ್ದೇ ಇರ್ಲಿ ಅಂತ, ಚಕ್ರಕ್ಕೆ ಕಲ್ಲು ಕೊಡಕ್ಕೆ ನಿಂತಿದ್ದ."

ಸ್ಕ್ಯಾನಿಂಗ್‌ನಲ್ಲೂ ನರ ಕಿತ್ತಿರೋದು ಕಂಡಿತು. "ಎಲ್ಲರಿಗೂ ಆಪರೇಷನ್ ಬೇಕಾಗಲ್ಲ. ಬೇಗ ಬಂದಿದ್ದೀರ, ತುದಿಗಳು ಹತ್ತಿರವೇ ಇವೆ. ಪ್ಲಾಸ್ಟರ್ ಪಟ್ಟಿ ಹಾಕಿಯೇ ಕೂಡಿಸೋಣ" ಅಂದರು ಡಾಕ್ಟರು. ಬೆರಳು ಕೆಳಮುಖವಾಗಿ ಪಟ್ಟಿ ಹಾಕಿದರು. "ಮೀನಖಂಡ ಊದಿ ನೋವು ಜಾಸ್ತಿಯಾದ್ರೆ, ಎದೆ ನೋವು ಬಂದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಬನ್ನಿ. ರಕ್ತ ಹೆಪ್ಪುಗಟ್ಟಿರಬಹುದು. ಪಟ್ಟಿ ನೀವೇ ಬಿಚ್ಚಬೇಡಿ. ಗುಣವಾಗಕ್ಕೆ ತಿಂಗಳುಗಟ್ಟಲೆ ಬೇಕು."

ವಾಪಸು ಬರುವಾಗ ಲಕ್ಕಣ್ಣ ಆಟೋವನ್ನು ಕಾಂತರಾಜುವಿನ ಮನೆ ಮುಂದೆ ನಿಲ್ಲಿಸಿದ. ಇಳಿಯೋಕೆ ಆಗಲಿಲ್ಲ. ಕೂತಲ್ಲಿಂದಲೇ ಕೈ ಮುಗಿದ.

"ತಪ್ಪಾಯ್ತು ಕಣೋ. ನಾಳೆ ಡೈರಿ ಮುಂದೆ ನಾನೇ ಎಲ್ರಿಗೂ ಹೇಳ್ತೀನಿ."

ಕಾಂತರಾಜು ಬಾಗಿಲಲ್ಲೇ ನಿಂತಿದ್ದ. ನಗಲಿಲ್ಲ. "ಹೇಳು. ಹೇಳ್ಲೇಬೇಕು" ಅಂದ. ಆಮೇಲೆ ಪಟ್ಟಿ ಕಟ್ಟಿದ ಕಾಲು ನೋಡಿ, "ದಿಂಬು ಕೊಡ್ಲಾ, ಕಾಲು ಎತ್ತರ ಇಟ್ಕಳಕ್ಕೆ?" ಅಂದ.

ಲಕ್ಕಣ್ಣ ಮಾತಿನಂತೆ ಊರವರ ಮುಂದೆ ಹೇಳಿದ. ಪಟ್ಟಿ ಬಿಚ್ಚಿದ ಮೇಲೆ ಹಿಮ್ಮಡಿ ಎತ್ತರದ ಬೂಟು, ಆಮೇಲೆ ಸಂಘಮಿತ್ರಾ ಕಲಿಸಿದ ವ್ಯಾಯಾಮ. ಬೇಸರವಾಗಿ ನಿಲ್ಲಿಸಲು ಹೋದಾಗೆಲ್ಲ ಶಂಕರಮ್ಮ ಬಿಡಲಿಲ್ಲ. ಈಗ ಅವನು ಕುಂಟದೆ ನಡೆಯುತ್ತಾನೆ. ಓಡಲು ಮಾತ್ರ ಡಾಕ್ಟರು ಇನ್ನೂ ಒಪ್ಪಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಹಿಮ್ಮಡಿ ಹಿಂದೆ ಫಟ್ ಅಂದರೆ, ಯಾರೋ ಒದ್ದ ಹಾಗೆ ಅನ್ನಿಸಿದರೆ, ಆ ಕಾಲನ್ನು ಊರಬೇಡಿ. ತುದಿಗಾಲಲ್ಲಿ ನಿಂತು ಪರೀಕ್ಷೆ ಮಾಡಬೇಡಿ. ನೀವಿಸಬೇಡಿ, ಎಳೆಸಬೇಡಿ. ನೋವು ಇಳಿಯಿತೆಂದು ಸುಮ್ಮನಿರಬೇಡಿ. ಅವತ್ತೇ ಮೂಳೆ ಡಾಕ್ಟರಿಗೆ ತೋರಿಸಿ. ಪಟ್ಟಿಯೋ ಆಪರೇಷನ್ನೋ, ಅವರು ನೋಡಿ ಹೇಳಲಿ. ಬಹಳ ದಿನ ದುಡಿಯದ ಕಾಲಿಗೆ ಭಾರದ ಕೆಲಸ ಕೊಡುವಾಗ ನಿಧಾನವಾಗಿ ಶುರುಮಾಡಿ. ಅನುಮಾನ ಬಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ, ತಪ್ಪಿಲ್ಲ. ಪಕ್ಕದಲ್ಲಿದ್ದವರ ಮೇಲೆ ಮಾತ್ರ ತಪ್ಪು ಹೊರಿಸಬೇಡಿ.